ಗಂಟು

ಗುರುವಾರ ಮೂರೂವರೆಗೆ ಶಾಲೆಯಿಂದ ಆರು ಮಂದಿ ಬರುತ್ತಾರೆ,
ಜಾಕೆಟ್ಟಿನ ತುಂಬ ಗ್ರಿಮ್ಸ್‌ಬಿಯ ಗಾಳಿ, ಹೊಗೆ ಹಿಡಿಸಿದ ಮೀನಿನ ವಾಸನೆ.
ಪುಸ್ತಕದಲ್ಲಿ ಹೆಸರು ಗೀಚಿ, ಕೈಗೆ ಸ್ಯಾನಿಟೈಸರ್ ಸವರಿ,
ಹಾಲಿನ ಬಾಗಿಲಲ್ಲಿ ನಿಲ್ಲುತ್ತಾರೆ
ಪರೀಕ್ಷೆಯ ದಿನ ತಪ್ಪು ಕೋಣೆಗೆ ಬಂದವರ ಹಾಗೆ.

ಕೋರಿಗೆ ಹದಿನಾರು. ಕೈಯಲ್ಲೊಂದು ಲ್ಯಾಮಿನೇಟ್ ಮಾಡಿದ ಹಾಳೆ:
ಹಿರಿಯರನ್ನು ಕೇಳಬಹುದಾದ ಹತ್ತು ಪ್ರಶ್ನೆಗಳು.
ನಾನೇ ಅವನನ್ನು ಕೂರಿಸಿದೆ ಮೇವಿಸ್ ಪಕ್ಕ.
ನಿಮ್ಮ ಮೆಚ್ಚಿನ ತಿಂಡಿ? ಮೇವಿಸ್ ಕಿಟಕಿ ನೋಡಿದಳು.
ಚಿಕ್ಕಂದಿನ ಆಟ? ಕಿಟಕಿ.
ನಾಲ್ಕನೆಯದಕ್ಕೆ ಹುಬ್ಬು ಗಂಟಿಕ್ಕಿತು. ಐದನೆಯದನ್ನು
ಅವನು ಕೇಳಲೇ ಇಲ್ಲ. ತಲೆ ತಗ್ಗಿಸಿ
ಹೂಡಿಯ ಕತ್ತಿನ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತ.

ಆ ದಾರವನ್ನು ಅವಳು ಎಳೆದಳು.
ಇಡೀ ದಾರ ಬಂತು, ಬಿಲದಿಂದ ಇಲಿಯ ಬಾಲ ಹಿಡಿದೆಳೆದ ಹಾಗೆ.
ಕುರ್ಚಿಯ ತೋಳಿಗೆ ಬಿಗಿದಳು; ಕೆಳಗಿನಿಂದ ಮೇಲಕ್ಕೆ,
ಹಿಂದಿನಿಂದ ಸುತ್ತಿ, ಕಿರುಬೆರಳಲ್ಲಿ ಹಿಡಿದು, ಜಗ್ಗಿ,
ಒಂದು ಗಂಟು. ಪಕ್ಕದಲ್ಲಿ ಇನ್ನೊಂದು.
ಚಮಚ ಯಾವ ಕಡೆಯಿಂದ ಹಿಡಿಯಬೇಕೆಂದು
ಬೆಳಿಗ್ಗೆಯಷ್ಟೇ ನಾನು ತೋರಿಸಿಕೊಟ್ಟಿದ್ದ ಕೈ.

ಮಗಳು ಫೋನಿನಲ್ಲಿ ಹೇಳಿದಳು: ಅಮ್ಮ ಟ್ರಾಲರುಗಳಿಗೆ ಬಲೆ ಹೆಣೆಯುತ್ತಿದ್ದಳು,
ಹಿತ್ತಲ ಬಾಗಿಲಿಗೆ ಕೊಕ್ಕೆ ಹಾಕಿ.
ನಾವು ಮಕ್ಕಳು ಶಾಲೆಗೆ ಹೊರಡುವ ಮೊದಲು
ಸೂಜಿಗಳಿಗೆ ಹುರಿ ತುಂಬಿಡಬೇಕು; ಇಲ್ಲದಿದ್ದರೆ ತಿಂಡಿಯಿಲ್ಲ.

ಮುಂದಿನ ವಾರ ಕೋರಿ, ಶಾಲೆಯ ಮರಗೆಲಸದ ಕೋಣೆಯಲ್ಲಿ
ಪ್ಲೈವುಡ್ ಕೊರೆದು, ಸೂಜಿ ಮಾಡಿ ತಂದ.
ಮೇವಿಸ್ ತಿರುವಿ ನೋಡಿ ಅದನ್ನು ಚಹಾದಲ್ಲಿ ಅದ್ದಿಟ್ಟಳು.
ದಪ್ಪವಾಯಿತೇನೋ. ಅವನು ನಕ್ಕ; ಉಜ್ಜಿ ಉಜ್ಜಿ ತೆಳ್ಳಗೆ ಮಾಡಿ
ಮತ್ತೆರಡು ತಂದ. ಕಿತ್ತಳೆ ಬಣ್ಣದ ಹುರಿಯುಂಡೆಯೂ ಬಂತು.
ಯಾರ ದುಡ್ಡು ಎಂದು ನಾನು ಕೇಳಲಿಲ್ಲ.

ಈಗ ಅವನನ್ನು ಬಿಲ್ಲಿ ಎನ್ನುತ್ತಾಳೆ.
ಅವರ ಕಡೆ ಬಿಲ್ಲಿ ಎಂಬುವರು ಯಾರೂ ಇಲ್ಲವಂತೆ.
ಇವನು ಒಮ್ಮೆಯೂ ತಿದ್ದದೆ ಓಗೊಡುತ್ತಾನೆ.
"ಬಿಲ್ಲಿ, ಸೂಜಿ ತುಂಬಿತೇ?" "ತುಂಬಿದೆ."
ಐದು ನಿಮಿಷಕ್ಕೆ ಮತ್ತೆ. "ತುಂಬಿದೆ."
ಅವನ ಸ್ವಂತ ಅಮ್ಮ ಎರಡನೇ ಸಲ ಕೇಳಿದರೆ
ಏನನ್ನುತ್ತಾನೆಂದು ನನಗೆ ಗೊತ್ತು;
ನನ್ನ ಮನೆಯಲ್ಲೂ ಹದಿನಾರರವನೊಬ್ಬ ಇದ್ದಾನೆ.

ನನ್ನ ಅಜ್ಜಿ ಮರೆವಿಗೆ ಹೆದರಿ ಸೆರಗಿನ ತುದಿಗೆ ಗಂಟು ಹಾಕುತ್ತಿದ್ದಳು:
ಇದು ಉಪ್ಪಿಗೆ, ಇದು ಚೀಟಿ ದುಡ್ಡಿಗೆ, ಇದು ಕರುವಿನ ಔಷಧಿಗೆ.
ಸಂಜೆಗೆ ಗಂಟು ಹಾಗೇ ಇರುತ್ತಿತ್ತು,
ಯಾತಕ್ಕೆ ಹಾಕಿದ್ದೆಂಬುದು ಇರುತ್ತಿರಲಿಲ್ಲ.
ಕೂಡಿಟ್ಟ ಹಣಕ್ಕೂ ಗಂಟು ಎಂದೇ ಅನ್ನುತ್ತೇವೆ ನಮ್ಮಲ್ಲಿ.
ಇದನ್ನು ಕೋರಿಗೆ ಇಂಗ್ಲಿಷಿನಲ್ಲಿ ಹೇಳಹೋಗಿ
ಅರ್ಧಕ್ಕೆ ಬಿಟ್ಟೆ. ಮಾತ್ರೆ ಕೊಡುವ ಹೊತ್ತಾಗಿತ್ತು.

ಬಲೆ ಟಿವಿಯ ಕೆಳಗೆ ಹಾದು ಬಾಗಿಲವರೆಗೆ ಬೆಳೆಯಿತು.
ಸುರಕ್ಷತೆ ನೋಡುವವರು ಬಂದು, ಜನ ಎಡವುತ್ತಾರೆ, ತೆಗೆಯಿರಿ ಎಂದರು.
ಮಡಚಿಟ್ಟೆವು. ಅವರು ಹೋದ ಮೇಲೆ ಬಿಡಿಸಿದೆವು.
ಜುಲೈ ಬಂತು. ಶಾಲೆಯ ಹಾಳೆಯಲ್ಲಿ
ಬೇಕಾದಷ್ಟು ಗಂಟೆಗಳು ತುಂಬಿದವು.
ಐವರು ಬರುವುದು ನಿಂತಿತು.

ನಿನ್ನೆ ಮೇವಿಸ್ ಸೂಜಿ ಹಿಡಿದು ಬಹಳ ಹೊತ್ತು ನೋಡಿದಳು.
ಆಮೇಲೆ ಅದರಿಂದ ತಲೆ ಬಾಚಿಕೊಂಡಳು,
ನಿಧಾನ, ಬೈತಲೆ ತೆಗೆದು, ಗೋಡೆಯನ್ನೇ ಕನ್ನಡಿ ಮಾಡಿಕೊಂಡು.
ನಾನು ಎದ್ದೆ. ಕೋರಿ ತಲೆಯಲ್ಲಾಡಿಸಿ ಬೇಡವೆಂದ.
ಬಿಳಿ ಕೂದಲಿಗೆ ಸಿಕ್ಕಿಕೊಂಡ ಕಿತ್ತಳೆ ಎಳೆ ಬಿಡಿಸಿ
ಇನ್ನೊಂದು ಸೂಜಿಯಿಂದ ತಾನೇ ಹೆಣೆಯತೊಡಗಿದ,
ಕೆಳಗಿನಿಂದ ಮೇಲಕ್ಕೆ, ಹಿಂದಿನಿಂದ ಸುತ್ತಿ.
ಅವನ ಕಿರುಬೆರಳಿಗೆ ಇನ್ನೂ ಬಿಗಿ ಬಂದಿಲ್ಲ.

ಬಾಚುವುದು ನಿಲ್ಲಿಸಿ ಅವಳು ಕೈ ಚಾಚಿದಳು.
ಬಲೆಯ ಹೊಸ ಕಣ್ಣಿನೊಳಗೆ ಎರಡು ಬೆರಳು ತೂರಿಸಿ, ಜಗ್ಗಿ,
"ಸಡಿಲ," ಎಂದಳು.
ಬಿಚ್ಚಿ, ಮತ್ತೆ ಹಾಕಿದ.